ಹಳೆಯ ಕಲರ್ ಫಿಲ್ಮ್ ರೋಲ್‌ನಿಂದ ಈಗ ಚಿತ್ರಗಳನ್ನು ಪಡೆಯಬಹುದೇ?

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ, ‘ಕೊಡಾಕಲರ್-ಎಕ್ಸ್’ ಎಂದು ಮುದ್ರಿತವಾಗಿರುವ 620 ಅಳತೆಯ ರೋಲ್ ಒಂದನ್ನು ಡೆವಲಪ್ ಮಾಡಿಸಿ ಬಣ್ಣದ ಚಿತ್ರಗಳನ್ನು ಪಡೆಯಬಹುದೇ ಎಂದು ನೀವು ಕೇಳಿದ್ದೀರಿ. ಬಣ್ಣದ ಆಸೆಯನ್ನು ಬಿಡುವುದು ಲೇಸು. ಕಪ್ಪು-ಬಿಳುಪಿನಲ್ಲಿ ಚಿತ್ರಗಳು ಮೂಡುವ ಸಾಧ್ಯತೆ ಮಾತ್ರ ಖಂಡಿತ ಇದೆ.

ರೋಲ್‌ನ ಮೇಲೆ ಮೊದಲು ಹುಡುಕಬೇಕಾದದ್ದು ಸಂಸ್ಕರಣಾ ಕ್ರಮದ ಹೆಸರನ್ನು. ಕೊಡಾಕಲರ್-ಎಕ್ಸ್ ಸಿ-22 ಎಂಬ ಕ್ರಮಕ್ಕೆ ಸೇರಿದ್ದು. ಇಂದಿನ ಲ್ಯಾಬ್‌ಗಳು ಬಳಸುವ ಸಿ-41 ಕ್ರಮ 1972ರಲ್ಲಿ ಬಂದಿತು. ಅದರ ಡೆವಲಪರ್ (ಫಿಲ್ಮ್‌ನಲ್ಲಿ ಅಡಗಿರುವ ಬಿಂಬವನ್ನು ಹೊರತರುವ ದ್ರಾವಣ) ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ. ಸುಮಾರು 24 ಡಿಗ್ರಿಗೆಂದು ರೂಪಿಸಿದ ಹಳೆಯ ಫಿಲ್ಮನ್ನು ಅದರಲ್ಲಿ ಮುಳುಗಿಸಿದರೆ ಎಮಲ್ಷನ್, ಅಂದರೆ ಬಿಂಬವನ್ನು ಹೊತ್ತ ಲೇಪ, ಮೆತ್ತಗಾಗಿ ಕಿತ್ತುಬರಬಹುದು, ಆದ್ದರಿಂದ ‘ಕಲರ್ ಫಿಲ್ಮ್ ತಾನೇ, ಕೊಡಿ’ ಎನ್ನುವ ಲ್ಯಾಬ್‌ಗೆ ಇದನ್ನು ಒಪ್ಪಿಸಬೇಡಿ. (ನಿಮ್ಮದು ಕೊಡಾಕ್‌ನ ಇನ್ನೊಂದು ಕಲರ್ ಫಿಲ್ಮ್ ಕೊಡಾಕ್ರೋಮ್ ಆಗಿದ್ದರೂ ಉತ್ತರ ಇದೇ ಆಗುತ್ತಿತ್ತು, ಅದನ್ನು ಸಂಸ್ಕರಿಸುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್‌ನಲ್ಲಿದ್ದದ್ದು, 2010ರ ಕೊನೆಗೆ ರೋಲ್‌ಗಳನ್ನು ಪಡೆಯುವುದನ್ನು ನಿಲ್ಲಿಸಿತು.)

ಕಲರ್ ಫಿಲ್ಮ್‌ನಲ್ಲಿಯೂ ಬೆಳಕನ್ನು ಹಿಡಿದಿಡುವುದು ಬೆಳ್ಳಿಯ ಲವಣವೇ. ಬಣ್ಣ ಹುಟ್ಟುವುದು ಆಮೇಲೆ, ಸಂಸ್ಕರಣೆಯ ವೇಳೆಯಲ್ಲಿ. ಹಾಗಾಗಿ ಸಾಮಾನ್ಯ ಕಪ್ಪು-ಬಿಳುಪು ಡೆವಲಪರ್ ಕೂಡ ಅಡಗಿರುವ ಬಿಂಬವನ್ನು ಬೆಳ್ಳಿಯ ರೂಪದಲ್ಲಿ ಹೊರತರಬಲ್ಲದು. ನಿಜವಾದ ತೊಡಕು ಫಾಗ್‌ನದು: ದಶಕಗಳ ಬಿಸಿಲು-ಸೆಕೆ ಮತ್ತು ಸಹಜ ವಿಕಿರಣದಿಂದಾಗಿ, ಬೆಳಕು ಬೀಳದ ಲವಣದ ಕಣಗಳೂ ಡೆವಲಪ್ ಆಗಿ ಇಡೀ ನೆಗೆಟಿವ್‌ನ ಮೇಲೆ ಮಬ್ಬು ಕವಿಯುತ್ತದೆ. ಇಂಥ ರೋಲ್‌ಗಳಿಗೆ ನಾನು ಎಚ್‌ಸಿ-110 ಡೆವಲಪರನ್ನು 20 ಡಿಗ್ರಿ ಅಥವಾ ಅದಕ್ಕಿಂತ ತುಸು ತಣ್ಣಗೆ ಇಟ್ಟು, ಫಾಗ್ ತಡೆಯಲು ಅತ್ಯಲ್ಪ ಪ್ರಮಾಣದ ಬೆಂಜೋಟ್ರಯಜೋಲ್ ಸೇರಿಸಿ ಬಳಸುತ್ತೇನೆ. ಈ ರಾಸಾಯನಿಕ ಹೆಚ್ಚಾದರೆ ಬಿಂಬವನ್ನೂ ತಿಂದುಹಾಕುತ್ತದೆ ಎಂಬುದು ನೆನಪಿರಲಿ.

ರೋಲ್‌ನ ಹೊರತುದಿಯ ಅಂಟುಪಟ್ಟಿಯಲ್ಲಿ ‘ಎಕ್ಸ್‌ಪೋಸ್ಡ್’ ಎಂದು ಕಾಣಿಸಿದರೆ ಅದನ್ನು ಕ್ಯಾಮೆರಾದಲ್ಲಿ ಪೂರ್ತಿ ಓಡಿಸಲಾಗಿದೆ ಎಂದರ್ಥ. ಇಲ್ಲವಾದರೆ ಖಾಲಿ ಫಿಲ್ಮ್‌ಗೆ ಶ್ರಮಪಡುವ ಮೊದಲು ಇನ್ನೊಮ್ಮೆ ಯೋಚಿಸಿ. ಕಾಗದದ ಸುತ್ತು ಬಿಗಿಯಾಗಿ ಉಳಿದಿದ್ದರೆ, ಬೆಳಕು ನುಸುಳಿದ್ದರೂ ಸಾಮಾನ್ಯವಾಗಿ ಅಂಚುಗಳಷ್ಟೇ ಹಾಳಾಗಿರುತ್ತವೆ. ಬಿಚ್ಚುವುದು ಮಾತ್ರ ಪೂರ್ಣ ಕತ್ತಲೆಯಲ್ಲಿಯೇ ಆಗಬೇಕು. ಕೆಂಪು ದೀಪವೂ ಕೂಡದು. 620 ಮತ್ತು 120ರ ಫಿಲ್ಮ್‌ನ ಅಗಲ ಒಂದೇ ಆಗಿರುವುದರಿಂದ, 120ಕ್ಕೆ ಹೊಂದಿಸಿದ ಡೆವಲಪಿಂಗ್ ಟ್ಯಾಂಕ್‌ನ ರೀಲ್ ಸಾಕು. ಕತ್ತಲೆಯಲ್ಲಿಯೇ ತುದಿಯಿಂದ ಒಂದೆರಡು ಸೆಂಟಿಮೀಟರ್ ಕತ್ತರಿಸಿ, ಆ ತುಂಡನ್ನು ಮೊದಲು ಡೆವಲಪ್ ಮಾಡಿ ನೋಡುವುದು ಜಾಣತನ: ಫಾಗ್ ಎಷ್ಟಿದೆ, ಎಮಲ್ಷನ್ ನಿಲ್ಲುತ್ತದೆಯೇ ಎಂಬೆರಡೂ ಅದರಿಂದಲೇ ತಿಳಿಯುತ್ತವೆ, ಸಮಯವನ್ನು ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು. ಮುಂದೆ ಫಿಕ್ಸರ್ (ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವ ದ್ರಾವಣ) ಮತ್ತು ತೊಳೆಯುವಿಕೆ ಎಂದಿನಂತೆಯೇ.

ಕೊನೆಗೆ ಕೈಗೆ ಬರುವ ನೆಗೆಟಿವ್ ಕಿತ್ತಳೆ ಬಣ್ಣದ್ದಾಗಿ, ದಟ್ಟವಾಗಿ ಕಾಣುವುದರಿಂದ ಅದು ಕೆಟ್ಟುಹೋಯಿತೆಂದು ಎಸೆದುಬಿಡಬೇಡಿ. ಆ ಬಣ್ಣ ಫಿಲ್ಮ್‌ನ ಒಳಗೇ ಇರುವಂಥದ್ದು. ಕಲರ್ ಸಂಸ್ಕರಣೆಯಲ್ಲಿ ಬೆಳ್ಳಿಯನ್ನು ತೆಗೆಯಲು ನೆರವಾಗುವ ಬ್ಲೀಚ್ ಅನ್ನು ಇಲ್ಲಿ ಬಳಸದ ಕಾರಣ, ಫಿಲ್ಮ್‌ನೊಳಗಿನ ಹಳದಿ ಬೆಳ್ಳಿಯ ಪದರವೂ ಹಾಗೆಯೇ ಉಳಿದಿರುತ್ತದೆ. ಅದನ್ನು ಕಲರ್ ಆಗಿಯೇ ಸ್ಕ್ಯಾನ್ ಮಾಡಿ, ಕೆಂಪು ಚಾನೆಲ್ ಒಂದನ್ನೇ ಬೇರ್ಪಡಿಸಿ ಕಪ್ಪು-ಬಿಳುಪಿಗೆ ತಿರುಗಿಸಿದರೆ ಮಸುಕು ಸಾಕಷ್ಟು ತಗ್ಗುತ್ತದೆ.