ಸಿ.ಡಿ. ಸರಿಯಿದ್ದು ಕ್ಯಾಸೆಟ್ ಮಾತ್ರ ಅಲೆಯಾಡುತ್ತಿದ್ದರೆ

ಸಿ.ಡಿ.ಯನ್ನೂ ಕ್ಯಾಸೆಟ್ಟನ್ನೂ ನುಡಿಸುವ ತಮ್ಮ ಯಂತ್ರದಲ್ಲಿ ಕ್ಯಾಸೆಟ್ಟಿನ ದನಿ ಮಾತ್ರ ಕೆಟ್ಟಿರುವುದಕ್ಕೆ, ಟೇಪನ್ನು ಎಳೆಯುವ ರಬ್ಬರ್ ರೋಲರಿನ ಮೇಲೆ ಕಂದು ಪುಡಿ ಕೂತಿರುವುದೇ ಬಹುಮಟ್ಟಿಗೆ ಕಾರಣ. ಸಿ.ಡಿ. ಸ್ಪಷ್ಟವಾಗಿ ಕೇಳಿಸುತ್ತದೆ, ಕ್ಯಾಸೆಟ್ಟಿನ ದನಿ ಮಾತ್ರ ಮಂಕಾಗಿ ಅಲೆಯಾಡುತ್ತದೆ, ಒಮ್ಮೊಮ್ಮೆ ಟೇಪು ಒಳಗೆ ಸುತ್ತಿಕೊಳ್ಳುತ್ತದೆ ಎಂದು ತಾವು ಬರೆದಿರುವುದರಿಂದ ಸ್ಪೀಕರನ್ನು ಅನುಮಾನಿಸಬೇಕಾಗಿಲ್ಲ.

ಮೊದಲು ವಿದ್ಯುತ್ ಸಂಪರ್ಕ ತೆಗೆದು, ಬ್ಯಾಟರಿಗಳಿದ್ದರೆ ಅವನ್ನೂ ಹೊರತೆಗೆದು, ಕ್ಯಾಸೆಟ್ ಇಲ್ಲದೆ ಬಾಗಿಲು ತೆರೆದಿಟ್ಟು ಪ್ಲೇ ಗುಂಡಿಯನ್ನು ಒತ್ತಿದರೆ ಹೆಡ್, ಅಂದರೆ ಟೇಪಿಗೆ ತಾಗಿ ದನಿಯನ್ನು ಓದುವ ಲೋಹದ ಭಾಗ, ಮುಂದೆ ಬರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಕಡ್ಡಿಯನ್ನು ಅದ್ದಿ, ಹೆಡ್ಡನ್ನೂ ರೋಲರಿಗೆ ತಾಗಿ ತಿರುಗುವ ಉಕ್ಕಿನ ಕಡ್ಡಿಯನ್ನೂ ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿರಿ. ರಬ್ಬರಿಗೆ ನೀರಿನಲ್ಲಿ ತುಸು ಒದ್ದೆ ಮಾಡಿದ ಹತ್ತಿಯೇ ಸಾಕು. ಸ್ಯಾನಿಟೈಸರನ್ನು ದಯವಿಟ್ಟು ಬಳಸಬೇಡಿ. ಅದರಲ್ಲಿರುವ ಗ್ಲಿಸರಿನ್ ಅಂಟು ಉಳಿಸುತ್ತದೆ. ಕಾಲು ಗಂಟೆ ಒಣಗಲು ಬಿಟ್ಟು, ಹಾಳಾದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ಟನ್ನು ಹಾಕಿ ಪರೀಕ್ಷಿಸಿರಿ.

ಆಮೇಲೂ ದನಿ ಅಲೆಯಾಡಿದರೆ, ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರಬಹುದು. ಯಂತ್ರವನ್ನು ಕಣ್ಣಾರೆ ನೋಡದೆ ಇದನ್ನು ಖಚಿತವಾಗಿ ಹೇಳಲಾರೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಷ್ಟು ನಿಧಾನವಾಗಿ ಸರಿಯುವುದರಿಂದ ಬೆಲ್ಟು ಸ್ವಲ್ಪ ಜಾರಿದರೂ ಕಿವಿಗೆ ತಿಳಿಯುತ್ತದೆ. ಹಳೆಯ ಬೆಲ್ಟನ್ನೇ ಅಳತೆಗೆ ಕೊಂಡೊಯ್ದು ರೇಡಿಯೊ ರಿಪೇರಿ ಅಂಗಡಿಯಲ್ಲಿ ಹೊಸದನ್ನು ಹಾಕಿಸಿಕೊಳ್ಳಿರಿ. ಅಲ್ಲಿಯವರೆಗೆ, ಮನೆಯವರ ದನಿ ಮುದ್ರಿಸಿದ ಕ್ಯಾಸೆಟ್ಟುಗಳಿದ್ದರೆ ಅವನ್ನು ಈ ಯಂತ್ರಕ್ಕೆ ಹಾಕಲೇಬೇಡಿ.