ಡಿಸೈನ್ ಕಾಲೇಜಿನಲ್ಲಿ ವಾರಗಟ್ಟಲೆ ಚೊಂಬು, ಸ್ಟೂಲು ನೋಡಿ ಬಿಡಿಸಲು ಹೇಳುವುದೇಕೆ? ಚಿತ್ರ ಬಿಡಿಸಲು ಬಾರದವನು ಕಲಿಯುವುದು ಹೇಗೆ?

ಪಿಯುಸಿಯಲ್ಲಿ ವಿಜ್ಞಾನ ಓದಿ ಡಿಸೈನ್‌ಗೆ ಬಂದಿದ್ದೇನೆ, ಕೈಯಲ್ಲೇ ಮೊಬೈಲ್ ಕ್ಯಾಮೆರಾ ಇರುವಾಗ ಪೆನ್ಸಿಲ್ ಹಿಡಿದು ಕೂರುವುದೇಕೆ ಎಂದು ಕೇಳಿದ್ದೀರಿ. ಮೊದಲ ವರ್ಷ ನನಗೂ ಇದೇ ಸಿಟ್ಟಿತ್ತು. ಅದನ್ನು ಇಳಿಸಿದ್ದು ಒಂದು ಈಳಿಗೆಮಣೆ.

ಮನೆಯಲ್ಲಿ ದಿನವೂ ಬಳಸುವ ವಸ್ತುವೊಂದನ್ನು ನೆನಪಿನಿಂದ ಬಿಡಿಸಿ ಎಂದಿದ್ದರು ನಮ್ಮ ಮೇಷ್ಟರು. ಹದಿನೆಂಟು ವರ್ಷ ಅಡುಗೆಮನೆಯಲ್ಲಿ ಕಂಡದ್ದು, ಇದೇನು ಮಹಾ ಎಂದು ಈಳಿಗೆಮಣೆ ಬಿಡಿಸಿಕೊಟ್ಟೆ. (ನಮ್ಮ ಮಲೆನಾಡಿನ ಮಾತಿನಲ್ಲಿ ಮೆಟ್ಟುಗತ್ತಿ.) ರಜೆಗೆ ಊರಿಗೆ ಹೋದಾಗ ಅದನ್ನೇ ಎದುರಿಗಿಟ್ಟುಕೊಂಡು ಮತ್ತೆ ಬಿಡಿಸಬೇಕಿತ್ತು. ನೋಡಿದರೆ, ನನ್ನ ಚಿತ್ರದಲ್ಲಿ ಅಲಗಿನ ಹರಿತವಾದ ಅಂಚು ಕುಳಿತವರ ಕಡೆಗಿರದೆ ಗೋಡೆಯ ಕಡೆಗಿತ್ತು. ಅಲಗು ಮಣೆಗೆ ಸೇರುವ ಜಾಗದಲ್ಲಿ ಒಂದಿಷ್ಟು ಕಪ್ಪು ಗೀಚಿ ತಪ್ಪಿಸಿಕೊಂಡಿದ್ದೆ. ನಿಜವಾದ ಮಣೆಯಲ್ಲಿ ಅಜ್ಜಿ ಪಾದ ಊರುವ ಜಾಗ ಸವೆದು ತಗ್ಗಾಗಿತ್ತು, ಅದೂ ಒಂದು ಪಕ್ಕಕ್ಕೆ. ತರಕಾರಿ ಹಿಡಿಯುವುದಕ್ಕೆ ಎರಡೂ ಕೈ ಬೇಕು, ಆದ್ದರಿಂದ ಕತ್ತಿ ಅಲುಗದಂತೆ ನೋಡಿಕೊಳ್ಳುವ ಕೆಲಸ ಕಾಲಿಗೆ ಬಿದ್ದಿದೆ. ಇದು ನನಗೆ ಹೊಳೆದದ್ದು ಆ ತಗ್ಗಿಗೆ ನೆರಳು ತುಂಬುತ್ತಿದ್ದಾಗ. ಫೋಟೊ ತೆಗೆದಿದ್ದರೆ ಅದರಲ್ಲಿ ತಗ್ಗೂ ಬರುತ್ತಿತ್ತು, ನಾನು ನೋಡುತ್ತಿರಲಿಲ್ಲ ಅಷ್ಟೆ.

1958ರಲ್ಲಿ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಲೋಟಾವನ್ನು, ಅಂದರೆ ನಮ್ಮ ಚೊಂಬನ್ನು, ಮುಂದಿಟ್ಟುಕೊಂಡು ಪ್ರಶ್ನೆಗಳ ಸರಮಾಲೆಯನ್ನೇ ಪೋಣಿಸಿದ್ದರು: ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಬರಿದಾದಾಗ ಎಲ್ಲಿ, ಸೊಂಟದ ಮೇಲೆ ಹೇಗೆ ಕೂರುತ್ತದೆ, ನೀರು ಹೇಗೆ ಸುರಿಯುತ್ತದೆ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯ ಬೆನ್ನಿಗೆ. ಹಾಗಾಗಿ ನಿಮ್ಮ ತರಗತಿಯ ಮೇಜಿನ ಮೇಲಿರುವ ಚೊಂಬಿಗೆ ಸ್ವಲ್ಪ ಮರ್ಯಾದೆ ಕೊಡಿ.

ಅದರಿಂದಲೇ ಆರಂಭಿಸಿ. ಕೈಯನ್ನು ಪೂರ್ತಿ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯಿಂದ ಹೆಬ್ಬೆರಳಿನವರೆಗೆ ಚೊಂಬಿನ ಅಗಲವನ್ನು ಹಿಡಿಯಿರಿ. ಎತ್ತರ ಅದರ ಎಷ್ಟು ಪಟ್ಟಿದೆ? ಮನಸ್ಸು ಹೇಳುವುದು ಒಂದು, ಪೆನ್ಸಿಲ್ ಹೇಳುವುದು ಇನ್ನೊಂದು. ಪೆನ್ಸಿಲನ್ನು ನಂಬಿ. ಇನ್ನು ಬಾಯಿಯ ವೃತ್ತ, ಓರೆಯಾಗಿ ನೋಡಿದಾಗ ಅದು ದೀರ್ಘವೃತ್ತವಾಗಿ ಕಾಣುತ್ತದೆ. ದೀರ್ಘವೃತ್ತದ ಸಮೀಕರಣ ಬಾಯಿಪಾಠವಿದ್ದವರೂ ಎರಡು ತುದಿಗಳನ್ನು ಮಾವಿನೆಲೆಯಂತೆ ಚೂಪು ಮಾಡುತ್ತಾರೆ, ತಳವನ್ನು ಮಾತ್ರ ನೇರ ಗೆರೆ ಎಳೆದು ಮುಗಿಸುತ್ತಾರೆ. ಚೊಂಬು ಮೇಜಿನ ಮೇಲಿದೆ ಎಂಬುದು ಗೊತ್ತಿರುವುದರಿಂದ ತಳ ಚಪ್ಪಟೆ ಎಂದು ತಲೆ ಹಟ ಹಿಡಿಯುತ್ತದೆ. ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಯಿ ಒಂದು ಗೆರೆಯಾಗುತ್ತದೆ. ನಿಧಾನವಾಗಿ ಇಳಿಸಿದಂತೆ ಅದು ಅರಳುತ್ತಾ ಬರುತ್ತದೆ. ತಳ ಬಾಯಿಗಿಂತ ಕೆಳಗಿರುವುದರಿಂದ ಅದರ ವೃತ್ತ ಇನ್ನೂ ಅರಳಿರಬೇಕು.

ಸ್ಟೂಲು ಬಿಡಿಸುವಾಗ ಕಾಲುಗಳನ್ನು ಮರೆತು ಕಾಲುಗಳ ನಡುವಿನ ಖಾಲಿ ಜಾಗದ ಆಕಾರಗಳನ್ನು ಬಿಡಿಸಿ. ಕಾಲು ಹೇಗಿರಬೇಕೆಂಬ ಪೂರ್ವಗ್ರಹ ತಲೆಯಲ್ಲಿರುತ್ತದೆ, ಖಾಲಿ ಜಾಗದ ಬಗ್ಗೆ ಯಾವ ಪೂರ್ವಗ್ರಹವೂ ಇರುವುದಿಲ್ಲ.

ಫೋಟೊ ನೋಡಿ ಅಭ್ಯಾಸ ಮಾಡುವುದನ್ನು ಒಂದು ವರ್ಷವಾದರೂ ಬಿಡಿ. ಮೂರು ಆಯಾಮದ್ದನ್ನು ಚಪ್ಪಟೆ ಹಾಳೆಗೆ ಇಳಿಸುವುದೇ ಕಷ್ಟದ ಕೆಲಸ, ಅದನ್ನು ಕ್ಯಾಮೆರಾ ಆಗಲೇ ಮಾಡಿ ಮುಗಿಸಿರುತ್ತದೆ. ಚಿತ್ರಕಲೆ ಓದುವವರಿಗಿಂತ ನಿಮಗೆ ಇನ್ನೊಂದು ಕೆಲಸ ಹೆಚ್ಚು: ಕಾಣದ ಹಿಂಬದಿಯನ್ನೂ ವಸ್ತು ಗಾಜಿನದ್ದೇನೋ ಎಂಬಂತೆ ತೆಳುಗೆರೆಯಲ್ಲಿ ತೋರಿಸಬೇಕು. ಅಲ್ಲಿ ಏನಿದೆ ಎಂದು ಗೊತ್ತಾಗದಿದ್ದರೆ ಎದ್ದು ಹೋಗಿ ವಸ್ತುವನ್ನು ತಿರುಗಿಸಿ ನೋಡಿ. ನಾನು ಗೀಚಿ ಮುಚ್ಚಿದ್ದ ಜಾಗದಲ್ಲಿ ಇದ್ದದ್ದು ಒಂದು ಕಬ್ಬಿಣದ ಪಟ್ಟಿ ಮತ್ತು ಎರಡು ಮೊಳೆ.

ನೆರಳು ಉಜ್ಜಿ ಅಂದಗಾಣಿಸುವುದಕ್ಕೆ ಅವಸರ ಬೇಡ. ದುಬಾರಿ ಟ್ಯಾಬ್ಲೆಟ್ಟೂ ಸದ್ಯಕ್ಕೆ ಬೇಡ. ಒಂದು 2ಬಿ ಪೆನ್ಸಿಲ್, ಒಂದು ಬಾಲ್‌ಪೆನ್, ಒಂದು ಬದಿ ಅಚ್ಚಾದ ಹಳೆಯ ಹಾಳೆಗಳು ಸಾಕು. ರಬ್ಬರನ್ನು ರೂಮಿನಲ್ಲೇ ಬಿಟ್ಟು ಬನ್ನಿ. ತಪ್ಪು ಗೆರೆ ಹಾಗೆಯೇ ಇರಲಿ, ಸರಿಯಾದದ್ದನ್ನು ಅದರ ಪಕ್ಕದಲ್ಲೇ ಎಳೆಯಿರಿ. ಎಷ್ಟು ತಪ್ಪಿದ್ದೀರಿ ಎಂಬುದು ಮರುದಿನ ನಿಮಗೇ ಕಾಣಬೇಕು.