ಹಳೇ ಬೈಕು, ಹಳೇ ವೈರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೇ ಬೈಕುಗಳ ಕರೆಂಟಿನ ತೊಂದರೆ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ತೆಗೆದುಕೊಂಡಿದ್ದೇನೆ. ಬೈಕು ಬೇರೆ, ಊರು ಬೇರೆ. ಆದರೆ ಹೆಚ್ಚಿನವರ ಕಥೆ ಒಂದೇ: ಪತ್ರ ಬರೆಯುವ ಹೊತ್ತಿಗೆ ಯಾವುದೋ ಹೊಸ ಪಾರ್ಟ್ ಹಾಕಿಸಿ ಆಗಿದೆ, ತೊಂದರೆ ಮಾತ್ರ ಇದ್ದಲ್ಲೇ ಇದೆ.

ಪ್ರಶ್ನೆ: ಅಪ್ಪನ ಯೆಜ್ಡಿ 250 ಇದೆ. ಡೈನಮೋ ಇರುವ 6 ವೋಲ್ಟಿನ ಗಾಡಿ. ಬೆಳಿಗ್ಗೆ ಎರಡು ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಎಂಟು ಹತ್ತು ಕಿಲೋಮೀಟರ್ ಓಡಿದ ಮೇಲೆ ಮಿಸ್ ಹೊಡೆಯಲು ಶುರುವಾಗಿ ನಿಂತುಬಿಡುತ್ತದೆ. ಇಪ್ಪತ್ತು ನಿಮಿಷ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಪ್ಲಗ್ ಎರಡು ಸಲ ಬದಲಾಯಿತು, ಕಾರ್ಬ್ಯುರೇಟರ್ ತೊಳೆದದ್ದೂ ಆಯಿತು. ಈಗ ಕಾಯಿಲ್ ಹೋಗಿದೆ ಅನ್ನುತ್ತಿದ್ದಾರೆ. ಹಾಕಿಸಲೇ?
(ಮೈಸೂರಿನ ಓದುಗರು)

ಉತ್ತರ: ಸ್ವಲ್ಪ ತಡೆಯಿರಿ. ನಿಮ್ಮೂರಿನ ಯಾದವಗಿರಿಯ ಯೆಜ್ಡಿ ಫ್ಯಾಕ್ಟರಿ ಬಾಗಿಲು ಹಾಕಿದ್ದು 1996ರಲ್ಲಿ. ಅಂದರೆ ಅಲ್ಲಿಂದ ಬಂದ ಕೊನೆಯ ಗಾಡಿಗೂ ಈಗ ಮೂವತ್ತರ ಆಸುಪಾಸು ವಯಸ್ಸು. ಕಾಯಿಲ್ (ಪ್ಲಗ್ಗಿನ ಕಿಡಿಗೆ ಬೇಕಾದಷ್ಟು ವೋಲ್ಟ್ ಏರಿಸುವ ಭಾಗ) ಹೋಗಿರಬಹುದು, ಇಲ್ಲ ಅನ್ನೋಲ್ಲ. ಆದರೆ ಬಿಸಿಯಾದಾಗ ನಿಂತು ತಣ್ಣಗಾದಾಗ ಏಳುವ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಕಂಡೆನ್ಸರ್ (ಕಿಡಿ ಎಬ್ಬಿಸುವ ಸ್ವಿಚ್ಚು ಸುಡದಂತೆ ಕಾಯುವ ಪುಟ್ಟ ಡಬ್ಬಿ) ಮೇಲೆ, ಎರಡನೆಯದು ಕಾಯಿಲ್ ಮೇಲೆ. ಇವೆರಡಕ್ಕೂ ಮೊದಲು ಕರೆಂಟಿಗೆ ಸಂಬಂಧವೇ ಇಲ್ಲದ ಒಂದು ವಿಷಯ ನೋಡಿಬಿಡಿ.

ಗಾಡಿ ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಪುಸ್ ಅಂತ ಗಾಳಿ ಎಳೆದುಕೊಂಡ ಸದ್ದು ಬಂದು, ಒಂದೆರಡು ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆದರೆ, ಮುಚ್ಚಳದ ಗಾಳಿತೂತು ಕಟ್ಟಿಕೊಂಡಿದೆ ಅಂತ ಲೆಕ್ಕ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಯುತ್ತಿಲ್ಲ ಅಷ್ಟೇ. ಒಂದು ಪಿನ್ನಿನಲ್ಲಿ ಮುಗಿಯುವ ಕೆಲಸಕ್ಕೆ ಎಷ್ಟೋ ಜನ ಕಾಯಿಲ್ ತಂದಿದ್ದಾರೆ.

ಅದಲ್ಲ ಅಂತಾದರೆ, ಕಿಡಿ ನೋಡಬೇಕು. ಇದನ್ನು ಮನೆಯಲ್ಲಿ ತಣ್ಣಗಿರುವಾಗ ನೋಡಿದರೆ ಪ್ರಯೋಜನವಿಲ್ಲ, ತಣ್ಣಗಿದ್ದಾಗ ಎಲ್ಲವೂ ಸರಿಯಾಗೇ ಕಾಣುತ್ತದೆ. ಜೇಬಿನಲ್ಲಿ ಒಂದು ಒಳ್ಳೆಯ ಪ್ಲಗ್, ಜೊತೆಗೆ ಸ್ಕ್ರೂಡ್ರೈವರ್ ಇಟ್ಟುಕೊಂಡು ಓಡಿಸಿ. ನಿಂತ ಜಾಗದಲ್ಲೇ ಪ್ಲಗ್ ಕ್ಯಾಪ್ ತೆಗೆದು ಜೇಬಿನ ಪ್ಲಗ್ಗಿಗೆ ಹಾಕಿ, ಅದರ ಲೋಹದ ಭಾಗ ಇಂಜಿನ್ ಹೆಡ್ಡಿನ ರೆಕ್ಕೆಗೆ ತಾಗುವ ಹಾಗೆ ಮಲಗಿಸಿ ಕಿಕ್ ಹೊಡೆಯಿರಿ. ಇಂಜಿನ್ನಿನಲ್ಲಿರುವ ಪ್ಲಗ್ ಬಿಚ್ಚಬೇಡಿ, ಬಿಚ್ಚಿದರೆ ಆ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಪಕ್ಕದಲ್ಲೇ ಕಿಡಿ ಬೇರೆ. ಚಟ್ ಅಂತ ಸದ್ದು ಮಾಡುವ ನೀಲಿ ಕಿಡಿ ಬಂದರೆ ಇಗ್ನಿಷನ್ ಸರಿ ಇದೆ. ಸಣಕಲು ಹಳದಿ ಕಿಡಿ ಬಂದರೆ ಅಥವಾ ಏನೂ ಬರದಿದ್ದರೆ, ಡೈನಮೋ ಕವರ್ ಬಿಚ್ಚಿ ಪಾಯಿಂಟ್ ನೋಡಿ, ಅಂದರೆ ಕಾಯಿಲ್ಲಿನ ಕರೆಂಟನ್ನು ಕಟ್ ಮಾಡಿ ಕಿಡಿ ಎಬ್ಬಿಸುವ ಆ ಪುಟ್ಟ ಸ್ವಿಚ್ಚು.

ಕಿಕ್ ಹೊಡೆಯುವಾಗ ಪಾಯಿಂಟಿನ ನಡುವೆ ಸಣ್ಣ ಚುಕ್ಕಿಯಂಥ ಕಿಡಿ ಬರುವುದು ಸಹಜ. ಅಲ್ಲೇ ದಪ್ಪ ನೀಲಿ ಕಿಡಿ ಹಾರುತ್ತಿದ್ದು, ಪಾಯಿಂಟಿನ ಮುಖ ಸುಟ್ಟು ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಬಿದ್ದಿದ್ದರೆ ಕಂಡೆನ್ಸರ್ ಸೋತಿದೆ. ಹಳೆಯದರ ವೈರ್ ಬಿಡಿಸಿ, ಹೊಸದನ್ನು ಹೊರಗಡೆಯೇ ತಾತ್ಕಾಲಿಕವಾಗಿ ಜೋಡಿಸಿ ನೋಡಿ: ವೈರ್ ಪಾಯಿಂಟಿಗೆ, ಡಬ್ಬಿ ಇಂಜಿನ್ ಬಾಡಿಗೆ. ಹಳೆಯದರ ವೈರ್ ಬಿಡಿಸದೆ ಪಕ್ಕದಲ್ಲಿ ಹೊಸದು ಸೇರಿಸಿದರೆ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಒಳಗೇ ಶಾರ್ಟ್ ಆಗಿರುವ ಹಳೆಯದು ಇಬ್ಬರನ್ನೂ ಕೆಡಿಸುತ್ತದೆ. ಹಾಗೇ ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇದೆಯಾ ನೋಡಿಕೊಳ್ಳಿ, ಫೀಲರ್ ಗೇಜ್ (ಸಂದಿಯ ಅಳತೆ ನೋಡುವ ತೆಳು ಪಟ್ಟಿ) ಇಟ್ಟೇ ನೋಡಿ, ಬ್ಲೇಡ್ ಇಟ್ಟು ಅಂದಾಜು ಮಾಡಬೇಡಿ.

ಕಂಡೆನ್ಸರ್ ಬದಲಾಯಿಸಿದರೂ ಅದೇ ಕಥೆಯಾದರೆ ಆಗ ಕಾಯಿಲ್. ತಣ್ಣಗಿದ್ದಾಗ ಒಂದು ಸಲ, ನಿಂತುಹೋದಾಗ ಒಂದು ಸಲ ಮಲ್ಟಿಮೀಟರಿನಲ್ಲಿ ಅದರ ರೆಸಿಸ್ಟೆನ್ಸ್ ಅಳೆಯಿರಿ. ಒಳಗಿನ ತಂತಿ ಬಿಸಿಗೆ ಬಿಟ್ಟುಕೊಳ್ಳುತ್ತಿದ್ದರೆ ಎರಡನೇ ಸಲ ಓಪನ್, ಅಂದರೆ ದಾರಿ ಕಡಿದಿದೆ ಅಂತ ತೋರಿಸುತ್ತದೆ. ಹೊಸ ಕಾಯಿಲ್ ಕೊಳ್ಳುವಾಗ ಅದರ ಮೇಲೆ 6 ವೋಲ್ಟ್ ಅಂತಲೇ ಇರಬೇಕು. 12 ವೋಲ್ಟಿನ ಕಾಯಿಲ್ಲನ್ನು ಅಂಗಡಿಯವರು 'ನಡೆಯುತ್ತೆ ತಗೊಳ್ಳಿ' ಅಂತ ಕೊಟ್ಟರೆ ನಡೆಯುವುದೇನೋ ನಡೆಯುತ್ತದೆ, ಕುಂಟಿಕೊಂಡು. ಇನ್ನೊಂದು ಮಾತು, ಗಾಡಿ ನಿಂತ ಮೇಲೆ ಕೀ ಆನ್ ಇಟ್ಟು ಮಾತಾಡುತ್ತಾ ನಿಲ್ಲಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಬ್ಯಾಟರಿಯ ಕರೆಂಟ್ ಪೂರ್ತಿ ಕಾಯಿಲ್ ಮೂಲಕ ಹರಿಯುತ್ತಲೇ ಇರುತ್ತದೆ, ಅದು ಕಾದು ಹಾಳಾಗುವುದೇ ಹೀಗೆ.

ಪ್ರಶ್ನೆ: ಗಾಡಿ ಪೂರ್ತಿ ಬಿಚ್ಚಿ, ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿ, ಹೊಸ ವೈರಿಂಗ್ ಹಾಕಿಸಿದೆ. ಈಗ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ, ಹಾರ್ನ್ ಹೊಡೆದರೆ ಟೇಲ್ ಲೈಟ್ ಮಂಕಾಗುತ್ತದೆ. ವೈರಿಂಗ್ ತಪ್ಪಾಗಿದೆಯೇ?
(ಚಿಕ್ಕಮಗಳೂರಿನ ಓದುಗರು)

ಉತ್ತರ: ವೈರಿಂಗ್ ಸರಿಯಾಗೇ ಇರಬಹುದು. ನಿಮಗೆ ಅರ್ಥಿಂಗ್ ಇಲ್ಲ. ಅರ್ಥಿಂಗ್ ಇಲ್ಲದ ಗಾಡಿಯಲ್ಲಿ ಏನೂ ಅರ್ಥವಾಗುವುದಿಲ್ಲ. ಬಲ್ಬಿನಿಂದ ಬಂದ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಫ್ರೇಮೇ ದಾರಿ. ಆ ದಾರಿಗೆ ನೀವು ಚಂದದ ಬಣ್ಣ ಹೊಡೆಸಿ ಮುಚ್ಚಿದ್ದೀರಿ. ದಾರಿ ಸಿಗದ ಕರೆಂಟ್ ಪಕ್ಕದ ಬಲ್ಬಿನ ಒಳಗೆ ನುಗ್ಗಿ ಹೋಗಲು ನೋಡುತ್ತದೆ, ಅದಕ್ಕೇ ಒಂದನ್ನು ಒತ್ತಿದರೆ ಇನ್ನೊಂದು ಉರಿಯುವುದು.

ನಿಮ್ಮನ್ನು ನೋಡಿ ನಗುತ್ತಿಲ್ಲ, ನಾನೂ ಇದನ್ನೇ ಮಾಡಿದವನು. ಎರಡು ವಾರ ಸ್ವಿಚ್ಚು, ಫ್ಲಾಷರ್ (ಇಂಡಿಕೇಟರ್ ಮಿಟುಕಿಸುವ ಪುಟ್ಟ ಡಬ್ಬಿ), ಬಲ್ಬ್ ಹೋಲ್ಡರ್ ಎಲ್ಲ ಬದಲಾಯಿಸಿ, ಕೊನೆಗೆ ಸೀಟಿನ ಕೆಳಗಿನ ಒಂದೇ ಒಂದು ಬೋಲ್ಟ್ ಬಿಚ್ಚಿದಾಗ ವಾಷರಿನ ಕೆಳಗೆ ಹೊಳೆಯುವ ಕಪ್ಪು ಬಣ್ಣ ನಗುತ್ತಾ ಕೂತಿತ್ತು.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ. ಯಾರಿಗಾದರೂ ಹಾರ್ನ್ ಒತ್ತಲು ಹೇಳಿ. ಸೊನ್ನೆಯ ಹತ್ತಿರ ಇರಬೇಕು, 0.2ರ ಮೇಲೆ ಹೋದರೆ ಅರ್ಥಿಂಗ್ ಸರಿ ಇಲ್ಲ. ಆಮೇಲೆ ಎರಡನೇ ಕಡ್ಡಿಯನ್ನು ಫ್ರೇಮಿಗೆ, ಹಿಂದಿನ ಮಡ್‌ಗಾರ್ಡಿಗೆ, ಹೆಡ್‌ಲೈಟ್ ಡೂಮಿಗೆ ಹೀಗೆ ಇಡುತ್ತಾ ಹೋಗಿ, ಆ ಕಡೆಯ ಬಲ್ಬ್ ಉರಿಸಿಕೊಂಡು. ಎಲ್ಲಿ ವೋಲ್ಟ್ ಜಿಗಿಯುತ್ತದೋ ಅಲ್ಲೇ ಬಣ್ಣ ಕೆರೆಯಬೇಕು. ವಾಷರ್ ಕೂರುವಷ್ಟು ಜಾಗ ಮಾತ್ರ ಕೆರೆದು, ಬೋಲ್ಟ್ ಬಿಗಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ.

ಪ್ರಶ್ನೆ: ಆರ್‌ಎಕ್ಸ್ 100 ಇದೆ. ಜೋರಾಗಿ ಓಡಿಸಿದರೆ ಹೆಡ್‌ಲೈಟ್ ಬಲ್ಬ್ ಸುಟ್ಟುಹೋಗುತ್ತದೆ, ಈ ಮಳೆಗಾಲದಲ್ಲಿ ನಾಲ್ಕು ಹೋಯ್ತು. ಇಂಡಿಕೇಟರ್ ಮಿಟುಕುವುದಿಲ್ಲ, ಹಾಕಿದರೆ ಸುಮ್ನೆ ಉರಿಯುತ್ತಾ ನಿಲ್ಲುತ್ತದೆ. ಬ್ಯಾಟರಿ ಇಲ್ಲದೆಯೂ ಗಾಡಿ ಸ್ಟಾರ್ಟ್ ಆಗುವುದರಿಂದ ಅದರ ಕಡೆ ಗಮನ ಕೊಟ್ಟಿಲ್ಲ.
(ತೀರ್ಥಹಳ್ಳಿಯ ಓದುಗರು)

ಉತ್ತರ: ಇವು ಎರಡು ಬೇರೆ ತೊಂದರೆಗಳು. ಆರ್‌ಎಕ್ಸಿನಲ್ಲಿ ಕಿಡಿಗೆ ಬೇಕಾದ ಕರೆಂಟ್ ಮ್ಯಾಗ್ನೆಟ್ಟಿನ (ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ) ಒಂದು ಕಾಯಿಲ್ಲಿನಿಂದ ನೇರವಾಗಿ ಸಿಡಿಐಗೆ, ಅಂದರೆ ಪಾಯಿಂಟಿನ ಬದಲು ಕಿಡಿ ಎಬ್ಬಿಸುವ ಎಲೆಕ್ಟ್ರಾನಿಕ್ ಡಬ್ಬಿಗೆ ಹೋಗುತ್ತದೆ. ಹೆಡ್‌ಲೈಟಿಗೂ ಮ್ಯಾಗ್ನೆಟ್ಟಿನಿಂದಲೇ ಎಸಿ ಕರೆಂಟ್. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಮಾತ್ರ ಬ್ಯಾಟರಿಯ ಪಾಲು. ಅದಕ್ಕೇ ಬ್ಯಾಟರಿ ಸತ್ತರೂ ಗಾಡಿ ಓಡುತ್ತದೆ, ಓಡುತ್ತದೆ ಅಂತ ನಾವೂ ಮರೆತುಬಿಡುತ್ತೇವೆ.

ಬಲ್ಬ್ ಸುಡುವುದು ರೆಗ್ಯುಲೇಟರ್ ಕೆಲಸ ಮಾಡದಿರುವುದರಿಂದ. ಇಂಜಿನ್ ಜೋರಾಗಿ ತಿರುಗಿದಷ್ಟೂ ಮ್ಯಾಗ್ನೆಟ್ ಜಾಸ್ತಿ ವೋಲ್ಟ್ ಕೊಡುತ್ತದೆ, ಹೆಚ್ಚಾದದ್ದನ್ನು ಅರ್ಥಿಂಗಿಗೆ ಇಳಿಸುವುದು ರೆಗ್ಯುಲೇಟರಿನ ಕೆಲಸ. ಹಾಗಂತ ಇವತ್ತೇ ಹೊಸದು ತರಬೇಡಿ. ನಿಮ್ಮ ಊರಿನ ಮಳೆಗೆ ಅದರ ವೈರ್ ಕನೆಕ್ಟರಿನೊಳಗೆ, ಬೋಲ್ಟಿನ ಕೆಳಗೆ ಕಿಲುಬು ಕಟ್ಟಿರುವ ಸಾಧ್ಯತೆಯೇ ಜಾಸ್ತಿ. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕದೆ ತಿಂಗಳು ಬಿಟ್ಟರೆ ಹಸಿರು ಹಸಿರಾಗುತ್ತದಲ್ಲ, ಅದೇ. ಆ ಹಸಿರು ಪುಡಿಯ ಮೂಲಕ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ, ಇಳಿಯದ ಕರೆಂಟ್ ಬಲ್ಬಿಗೆ ಹೋಗುತ್ತದೆ. ಕನೆಕ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಆಮೇಲೆ ಲೈಟ್ ಹಾಕಿ, ಮೀಟರನ್ನು ಎಸಿಗೆ ಇಟ್ಟು, ಹೆಡ್‌ಲೈಟಿನ ವೈರಿನಲ್ಲಿ ಅಳೆಯುತ್ತಾ ಆಕ್ಸಿಲರೇಟರ್ ಕೊಡಿ. ವೋಲ್ಟ್ ಒಂದು ಹಂತಕ್ಕೆ ಬಂದು ನಿಲ್ಲಬೇಕು. ಆಕ್ಸಿಲರೇಟರ್ ಕೊಟ್ಟಷ್ಟೂ ಏರುತ್ತಲೇ ಹೋದರೆ ಆಗ ಹೊಸ ರೆಗ್ಯುಲೇಟರ್.

ಇಂಡಿಕೇಟರ್ ಮಿಟುಕದೆ ನಿಲ್ಲುವುದು ಬ್ಯಾಟರಿ ಸೋತ ಲಕ್ಷಣ. ಹಳೇ ಫ್ಲಾಷರಿಗೆ ಸಾಕಷ್ಟು ವೋಲ್ಟ್, ಸರಿಯಾದ ವ್ಯಾಟಿನ ಬಲ್ಬ್ ಎರಡೂ ಬೇಕು. ಎಲ್‌ಇಡಿ ಬಲ್ಬ್ ಹಾಕಿದವರ ಇಂಡಿಕೇಟರ್ ಹುಚ್ಚು ಹಿಡಿದ ಹಾಗೆ ಮಿಟುಕುವುದಕ್ಕೋ ಮಿಟುಕದೇ ಇರುವುದಕ್ಕೋ ಕಾರಣವೂ ಇದೇ. ಎಲ್‌ಇಡಿ ತಿನ್ನುವ ಕರೆಂಟ್ ತೀರಾ ಕಡಿಮೆ.

ಪ್ರಶ್ನೆ: ಸರ, ನಂದು ಹಳೇ ಬುಲೆಟ್ 350. ವರ್ಷಕ್ಕೊಂದು ಬ್ಯಾಟರಿ ತಿನ್ನತೈತಿ. ಹೆಡ್‌ಲೈಟ್ ಹಾಕಿದ್ರ ಆಮೀಟರ್ ಮುಳ್ಳು ಮೈನಸ್ ಕಡೆನ ಇರತೈತಿ. ರಾತ್ರಿ ಓಡಸೋದಕ್ಕ ಅಂತ 100 ವ್ಯಾಟಿನ ಬಲ್ಬ್ ಹಾಕೇನಿ. ಆಲ್ಟರ್ನೇಟರ್ ಬದಲಿ ಮಾಡ್ಲೇನ್ರಿ?
(ಧಾರವಾಡದ ಓದುಗರು)

ಉತ್ತರ: ಸರ, ಉತ್ತರ ನಿಮ್ಮ ಪತ್ರದೊಳಗೇ ಇದೆ. 12 ವೋಲ್ಟಿನಲ್ಲಿ 100 ವ್ಯಾಟಿನ ಬಲ್ಬ್ ಎಂಟು ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. 60 ವ್ಯಾಟಿನದು ಐದು. ಹಳೇ ಬುಲೆಟ್ಟಿನಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿಗೆ ಅದು ದೊಡ್ಡ ಹೊರೆ, ಕೊರತೆ ಬಿದ್ದದ್ದೆಲ್ಲ ಬ್ಯಾಟರಿಯಿಂದ ಹೋಗುತ್ತದೆ. ಮೊದಲು ಬಲ್ಬ್ ಇಳಿಸಿ. ಐಡ್ಲಿಂಗಿನಲ್ಲಿ ಲೈಟ್ ಹಾಕಿದಾಗ ಆಮೀಟರ್ ಮುಳ್ಳು ಎಡಕ್ಕೆ, ಅಂದರೆ ಬ್ಯಾಟರಿಯಿಂದ ಕರೆಂಟ್ ಹೋಗುವ ಮೈನಸ್ ಕಡೆಗೆ, ವಾಲಿದರೆ ಚಿಂತೆಯಿಲ್ಲ, ಓಡುವಾಗ ಮಧ್ಯಕ್ಕೆ ಅಥವಾ ಸ್ವಲ್ಪ ಪ್ಲಸ್ಸಿಗೆ ಬರಬೇಕು.

ಬಲ್ಬ್ ಬದಲಾಯಿಸಿದ ಮೇಲೂ ಬರದಿದ್ದರೆ ಬ್ಯಾಟರಿ ಮೇಲೆ ಮೀಟರ್ ಇಡಿ. ರಾತ್ರಿ ಪೂರ್ತಿ ನಿಂತ ಬ್ಯಾಟರಿ 12.6ರ ಹತ್ತಿರ ತೋರಿಸಬೇಕು. ಇಂಜಿನ್ ಓಡಿಸಿ ಆಕ್ಸಿಲರೇಟರ್ ಕೊಟ್ಟಾಗ 13.8ರಿಂದ 14.5. ಹದಿಮೂರೂ ದಾಟದಿದ್ದರೆ ಚಾರ್ಜ್ ಆಗುತ್ತಿಲ್ಲ, ಹದಿನೈದು ದಾಟಿದರೆ ಜಾಸ್ತಿ ಚಾರ್ಜ್ ಆಗಿ ನೀರು ಕುದಿಯುತ್ತಿದೆ. ಎರಡೂ ಬ್ಯಾಟರಿಯನ್ನು ಕೊಲ್ಲುತ್ತವೆ.

ಇದೂ ಸರಿ ಇದ್ದರೆ, ಗಾಡಿ ಸುಮ್ಮನೆ ನಿಂತಾಗ ಸೋರಿಕೆ ಇರಬಹುದು. ಕೀ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ಅದಕ್ಕೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರನ್ನು ಆಂಪಿಯರ್ ರೇಂಜಿನಲ್ಲಿ ಇಡಿ, ಮೊದಲು 10 ಆಂಪಿಯರ್, ಆಮೇಲೆ ಮಿಲಿಆಂಪಿಯರ್. ನಿಮ್ಮ ಗಾಡಿಯಲ್ಲಿ ಗಡಿಯಾರವಿಲ್ಲ, ಅಲಾರಂ ಇಲ್ಲ, ಸೊನ್ನೆಯೇ ಬರಬೇಕು. ಏನಾದರೂ ತೋರಿಸಿದರೆ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ವೈರ್ ಬಿಡಿಸಿ ನೋಡಿ. ಸೊನ್ನೆಗೆ ಇಳಿದರೆ ಕಳ್ಳ ಅಲ್ಲೇ ಇದ್ದಾನೆ. ಬ್ಯಾಟರಿಗೆ ಹಾಕುವುದು ಡಿಸ್ಟಿಲ್ಡ್ ವಾಟರ್ ತಾನೇ? ಬೋರ್‌ವೆಲ್ ನೀರು ಹಾಕಿದರೆ ಬ್ಯಾಟರಿ ವರ್ಷ ಬಂದದ್ದೇ ಪುಣ್ಯ.

ಪ್ರಶ್ನೆ: ಹ್ಯಾಂಡಲ್ ಬಲಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ ಫ್ಯೂಸ್ ಹೋಗುತ್ತದೆ. ಸದ್ಯಕ್ಕೆ ತಾಮ್ರದ ತಂತಿ ಸುತ್ತಿಕೊಂಡು ಓಡಿಸುತ್ತಿದ್ದೇನೆ.
(ತುಮಕೂರಿನ ಓದುಗರು)

ಉತ್ತರ: ಆ ತಂತಿ ಇವತ್ತೇ ತೆಗೆಯಿರಿ. ಈಗ ಫ್ಯೂಸ್ ಬದಲು ವೈರಿಂಗ್ ಸುಡುತ್ತದೆ, ಅದು ಹಾದುಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ.

ಹ್ಯಾಂಡಲ್ ತಿರುಗಿಸಿದಾಗ ಅಂದಮೇಲೆ ಜಾಗ ಬಹುಪಾಲು ಗೊತ್ತಾದ ಹಾಗೆ: ಫ್ರೇಮಿನ ಕುತ್ತಿಗೆ ಹತ್ತಿರ ವೈರಿನ ಕಟ್ಟು ತಿಕ್ಕಿ ಸವೆದಿದೆ. ಹುಡುಕಲು ಫ್ಯೂಸ್ ಮೇಲೆ ಫ್ಯೂಸ್ ಸುಡುವ ಅಗತ್ಯವಿಲ್ಲ. ಹಳೇ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ಫ್ಯೂಸ್ ಜಾಗದಲ್ಲಿ ಸಿಕ್ಕಿಸಿ. ಶಾರ್ಟ್ ಆದ ಕ್ಷಣ ಬಲ್ಬ್ ಝಗ್ ಅಂತ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಹ್ಯಾಂಡಲ್ ಬಲಕ್ಕೆ ತಿರುಗಿಸಿಟ್ಟು, ಬಲ್ಬ್ ಉರಿಯುತ್ತಿರುವಾಗ ವೈರಿನ ಕಟ್ಟನ್ನು ಕೈಯಲ್ಲಿ ಗೇಣುಗೇಣಾಗಿ ಅಲುಗಾಡಿಸುತ್ತಾ ಹೋಗಿ. ಬಲ್ಬ್ ಮಂಕಾದ ಜಾಗದಲ್ಲಿ ಟೇಪ್ ಬಿಚ್ಚಿದರೆ ಚರ್ಮ ಸುಲಿದ ವೈರ್ ಸಿಗುತ್ತದೆ.

ಅದನ್ನು ಬರೀ ಟೇಪ್ ಸುತ್ತಿ ಬಿಡಬೇಡಿ, ಬಿಸಿಲಿಗೆ ಅಂಟು ಕರಗಿ ಜಾರುತ್ತದೆ. ಕತ್ತರಿಸಿ, ಸ್ಲೀವ್ ಹಾಕಿ, ಬೆಸುಗೆ ಮಾಡಿ. ಮತ್ತೆ ಕಟ್ಟುವ ಮೊದಲು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಎಳೆಯುತ್ತಿಲ್ಲ ಅಂತ ನೋಡಿಕೊಂಡು, ಆಮೇಲೆ ಟೈ ಬಿಗಿಯಿರಿ.